ಕೆಂಪಯ್ಯನಿಗೆ ಬಂದ ಫೋನು

ಕೆಂಪಯ್ಯನಿಗೆ ಸಿಗಬೇಕಿದ್ದ ಟಿಕೆಟ್ಟನ್ನು ನಾನು ಕದ್ದೆ. ನಿಮ್ಮ ಮುಂದೆ ಕೈಮುಗಿದು ಮತ ಕೇಳಿದವನು, ಎರಡು ಸಲ ಶಾಸಕನಾದವನು — ಕಳ್ಳನಾಗಿಯೇ ಗೆದ್ದೆ.

ಬೈರಮಂಗಲದ ಬಳಿ ನಮ್ಮಪ್ಪ ಬಿಟ್ಟುಹೋದ ನಲವತ್ತು ಎಕರೆ ಹಿಪ್ಪುನೇರಳೆ, ತೆಂಗು — ನನ್ನ ದೊಡ್ಡಸ್ತಿಕೆಯೆಲ್ಲ ಅಷ್ಟೇ. ಕೆಂಪಯ್ಯನದು ಮೂರೆಕರೆ. ಆದರೆ ಕೆರೆಯ ನೀರು ಕೆಟ್ಟು ನೊರೆ ಬರತೊಡಗಿದಾಗ ಊರೂರು ಅಲೆದು ಜನರನ್ನು ಒಗ್ಗೂಡಿಸಿದವನು ಅವನು. ಅವನು ಮಾತಿಗೆ ನಿಂತರೆ ಹೆಂಗಸರೂ ಕೆಲಸ ಬಿಟ್ಟು ಬಂದು ಕೂರುತ್ತಿದ್ದರು. ನನ್ನ ಮಾತಿಗೆ ನಮ್ಮ ತೋಟದ ಆಳುಗಳು ಮಾತ್ರ ತಲೆಯಾಡಿಸುತ್ತಿದ್ದರು.

ಆಗ ಊರಿನಲ್ಲಿ ಫೋನಿದ್ದದ್ದು ನಮ್ಮ ಮನೆಯಲ್ಲೊಂದೇ. ಪಕ್ಷದವರಿಗೆ ಅವನು ಕೊಟ್ಟದ್ದೂ ಅದೇ ನಂಬರು. ಒಂದು ಬೆಳಿಗ್ಗೆ ರಾಮನಗರದಿಂದ ಕರೆ ಬಂತು.

"ಗೌಡ್ರೇ, ಕೆಂಪಯ್ಯನ್ನ ಈಗ್ಲೇ ಕಳ್ಸಿ. ನಾಮಪತ್ರಕ್ಕೆ ಇವತ್ತೇ ಕಡೇ ದಿನ."

ಅವನ ಮನೆ ನಮ್ಮ ಬೇಲಿಯಾಚೆಗೇ ಇತ್ತು. ಕೂಗಿದ್ದರೆ ಕೇಳುತ್ತಿತ್ತು. ಕೂಗಲಿಲ್ಲ. ಜೀಪು ಹತ್ತಿದೆ. ಬಿಡದಿ ದಾಟುವವರೆಗೂ ತಿರುಗಿ ಹೋಗೋಣ ಎನ್ನಿಸುತ್ತಿತ್ತು. ಆಮೇಲೆ — ಆಮೇಲೆ ಎನ್ನಿಸಲಿಲ್ಲ.

"ಅವ್ನಿಗೆ ಇಷ್ಟ ಇಲ್ವಂತೆ," ಎಂದೆ ಪಕ್ಷದವರಿಗೆ. "ನೀನೇ ನಿಂತ್ಕೊ ಅಂದ."

ಸಂಜೆ ಹಾರ ಹಾಕಿಸಿಕೊಂಡು ಊರಿಗೆ ಬಂದಾಗ, ಪಕ್ಷದವರು ಅವನ ಹೆಸರನ್ನು ಒಪ್ಪಲೇ ಇಲ್ಲವೆಂದು ಹೇಳಿದೆ. ನಂಬಿದ. ಅಪ್ಪಿಕೊಂಡ. ಎರಡೂ ಚುನಾವಣೆಯಲ್ಲಿ ನನಗಾಗಿ ಕನಕಪುರ ರಸ್ತೆಯ ಹಳ್ಳಿಗಳನ್ನು ನಡೆದೇ ಸುತ್ತಿದ. ಕೆರೆಯ ಬಗ್ಗೆ ವಿಧಾನಸಭೆಯಲ್ಲಿ ಕೇಳು ಎಂದು ಹಾಳೆ ತುಂಬ ಬರೆದುಕೊಡುತ್ತಿದ್ದ. ಒಂದು ಸಲ ಸಭೆಯಲ್ಲಿ ಓದಿದೆ. ಮಿಕ್ಕವನ್ನು ಬಿಚ್ಚಿಯೂ ನೋಡಲಿಲ್ಲ.

ಮೂರನೆಯ ಚುನಾವಣೆಯಲ್ಲಿ ಸೋತ ಮೇಲೆ ಬಾಗಿಲಿಗೆ ಕಾರು ಬರುವುದು ನಿಂತಿತು. ಹೆಂಡತಿ ತೀರಿಕೊಂಡಳು. ದಿನವೂ ಬರುತ್ತಿದ್ದವನು ಕೆಂಪಯ್ಯನೊಬ್ಬನೇ. ನನ್ನ ಕಣ್ಣು ಮಂಜಾಗಿದೆಯೆಂದು ಪೇಪರು ಓದಿ ಹೇಳುತ್ತಿದ್ದ. ಆ ದಯೆಯನ್ನು ಇನ್ನು ತಾಳಲಾರದೆ ಹೋದ ಸೋಮವಾರ ಎಲ್ಲವನ್ನೂ ಹೇಳಿಬಿಟ್ಟೆ.

ಅವನು ಪೇಪರು ಮಡಿಸಿದ.

"ಅವತ್ತು ಒಗ್ದಿದ್ ಪಂಚೆ ಉಟ್ಕಂಡು ಬೆಳಿಗ್ಗೆಯಿಂದ ಜಗಲಿ ಮ್ಯಾಲೆ ಕುಂತಿದ್ದೆ ಕಣ್ಲಾ. ನಿನ್ ಜೀಪು ಹೋಗಿದ್ನ ನೋಡ್ದೆ. ನನ್ ಪರವಾಗಿ ಕೇಳಕ್ಕೆ ಹೋಯ್ತಾವ್ನೆ ಅನ್ಕಂಡೆ."

ಬೈದಿದ್ದರೆ — ಬೈಯಲಿಲ್ಲ. ಎದ್ದು ಹೋದ. ಆಮೇಲೆ ಬಂದಿಲ್ಲ. ಬೆಳಿಗ್ಗೆ ಗೇಟಿನ ಸದ್ದಾದರೆ ಈಗಲೂ ಕತ್ತು ತಿರುಗಿಸುತ್ತೇನೆ; ಬಂದಿರುವುದು ಹಾಲಿನವಳು.

ಈ ಭಾನುವಾರ ಊರಿನಲ್ಲಿ ಗ್ರಾಮಸಭೆ. ಎದ್ದು ನಿಂತು ಎಲ್ಲರೆದುರು ಇದನ್ನೇ ಹೇಳುತ್ತೇನೆ — ಅವನು ಬಂದಿರಲಿ, ಬಾರದಿರಲಿ. ಕ್ಷಮಿಸಿ ಎಂದು ಮಾತ್ರ ಕೇಳುವುದಿಲ್ಲ.