ಕಬ್ಬಿಣದ ಬಸುರಿಗೆ ಕುಬಸ

ಪವಾಯಿಯ ಕೆರೆ ದಾಟಿ ಗುಡ್ಡದ ಕಡೆ ತಿರುಗುವ ರಸ್ತೆಯ ಮೂಲೆಯಲ್ಲಿ ಒಂದು ಚಿಕ್ಕ ಗಾರ್ಡನ್ ಇದೆ. ಅದನ್ನು ದಿನಾ ಗುಡಿಸುವವಳು ಸೋಮವ್ವ. ಸಿಂದಗಿ ಕಡೆಯವಳು. ಮದುವೆಯಾದ ವರ್ಷವೇ ಗಂಡ ಗುರಲಿಂಗಪ್ಪನ ಹಿಂದೆ ಮುಂಬೈಗೆ ಬಂದು, ಗಾರ್ಡನ್ನಿನ ಎದುರಿಗೆ ಗಾಜು ಹೊದ್ದು ನಿಂತಿರುವ ಬಿಲ್ಡಿಂಗುಗಳಿಗೆ ಇಟ್ಟಿಗೆ ಹೊತ್ತಳು. ಆಗ ಮಗಳು ಶಿವಕುಮಾರಿ ಹಾಲು ಕುಡಿಯುವ ಕೂಸು. ಕಟ್ಟಡಕ್ಕೆ ಕಟ್ಟಿದ ಬಿದಿರುಗಳ ನಡುವೆ ಹಳೆಯ ಸೀರೆಯ ಜೋಲಿ ಬಿಗಿದು, ಕೂಸನ್ನು ಅದರಲ್ಲಿ ಹಾಕಿ, ತಾನು ಬುಟ್ಟಿ ಹೊತ್ತು ಮೇಲೆ ಹತ್ತುತ್ತಿದ್ದಳು. ಆ ಜೋಲಿ ತೂಗಿದ ಜಾಗದಲ್ಲಿ ಈಗ ನಾಯಿಗಳಿಗೆ ಕೂದಲು ಕತ್ತರಿಸುವ ಸಲೂನ್ ಇದೆ. ಗೇಟಿನೊಳಗೆ ಹೋಗಬೇಕೆಂದರೆ ಸೋಮವ್ವನಿಗೆ ಪಾಸ್ ಬೇಕು. ಗುರಲಿಂಗಪ್ಪ ಅದೇ ಗೇಟಿನ ವಾಚಮನ್.

ಗಾರ್ಡನ್ ಆಗುವ ಮೊದಲು ಆ ಮೂಲೆ ಬರಿಯ ಕಲ್ಲು ಮಣ್ಣಿನ ರಾಶಿಯಾಗಿತ್ತು. ಗುಡ್ಡದ ಮೇಲಿನ ಝೋಪಡಪಟ್ಟಿಯ ಹೆಂಗಸರು ಅಲ್ಲೊಂದು ಶೌಚಾಲಯ ಕಟ್ಟಿಸಿ ಎಂದು ವರ್ಷಾನುಗಟ್ಟಲೆ ಬೇಡಿದರು. ಜಾಗವಿಲ್ಲ ಎಂಬ ಉತ್ತರ ಬಂತು. ಆಮೇಲೆ ಒಂದು ದಿನ ಜಾಗ ಹುಟ್ಟಿಕೊಂಡಿತು, ಶಿಲ್ಪಕ್ಕೆ!

ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನಿದೆ. ಆ ಪಾಲು ಆಸ್ಪತ್ರೆಗೆ ಹೋಗಬಹುದು, ಶಾಲೆಗೆ ಹೋಗಬಹುದು, ಕಲೆಗೂ ಹೋಗಬಹುದು. ಹೋಗಲಿ. ಚೆಂದ ಕಾಣುವುದರ ಹಸಿವು ಬಡವರ ಕಣ್ಣಿಗೂ ಇರುತ್ತದೆ. ಅನ್ನ ಕೊಟ್ಟ ಮೇಲೆ ಕಲೆ ಎನ್ನುವವರ ಮಾತನ್ನು ನಂಬಬೇಡಿ, ಅವರು ಎರಡನ್ನೂ ಕೊಡುವುದಿಲ್ಲ. ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಒಬ್ಬ ಬಿಲ್ಡರನ ಟ್ರಸ್ಟು ದುಡ್ಡು ಕೊಟ್ಟಿತು. ಒಂದು ಕಮಿಟಿ ಸಾಂತಾಕ್ರೂಜಿನ ಹೋಟೆಲಿನಲ್ಲಿ ಕುಳಿತು ಕಲಾವಿದನನ್ನು ಆರಿಸಿತು. ನೆಲ ಸರಕಾರದ್ದು, ಕಣ್ಣು ಊರವರದ್ದು. ಗುಡ್ಡ ಹತ್ತಿ, "ಇಲ್ಲಿ ಏನು ನಿಲ್ಲಿಸೋಣ?" ಎಂದು ಒಬ್ಬರನ್ನೂ ಕೇಳಲಿಲ್ಲ. ಕೇಳಿದ್ದೇವೆ ಎಂದು ಮಾತ್ರ ಬಣ್ಣದ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದರು.

ಕ್ರೇನಿನಲ್ಲಿ ಇಳಿದದ್ದು ಎರಡಾಳು ಎತ್ತರದ ಉಕ್ಕಿನ ಆಕಾರ. ತುಕ್ಕಿನ ಬಣ್ಣ. ನಡುವೆ ಉಬ್ಬು, ಉಬ್ಬಿನ ಪಕ್ಕದಲ್ಲಿ ಹೊರಕ್ಕೆ ಬಾಗಿದ ಒಂದು ಕಮಾನು. ಹೆಸರು 'ವೇವ್ ನಂಬರ್ ಫೋರ್'. ಕೆರೆಯ ಅಲೆಯಂತೆ. ಮೊದಲಿನ ಮೂರು ಅಲೆಗಳು ಎಲ್ಲಿ ಬಡಿದವೋ ಗೊತ್ತಿಲ್ಲ.

"ಇಷ್ಟ ರೊಕ್ಕ ಸುರುವಿ ತುಕ್ಕು ಹಿಡದ ತಗಡ ತಂದಾರಲ್ಲವಾ! ಬಣ್ಣಕ್ಕ ಸಾಲಲಿಲ್ಲೇನ?" ಎಂದು ಸೋಮವ್ವನ ಪಕ್ಕದ ಖೋಲಿಯ ಇಂದ್ರಾಬಾಯಿ ನಕ್ಕಳು.

ಸೋಮವ್ವ ನಗಲಿಲ್ಲ. "ತಗಡಲ್ಲ ಯಕ್ಕಾ, ನೆಟ್ಟಗ ನೋಡು. ಹೆಣ್ಮಗಳು. ಹೊಟ್ಟಿಲಿದ್ದಾಳ. ನಡಾ ನೋಯ್ತದಂತ ಕೈ ಇಟ್ಕೊಂಡ ನಿಂತಾಳ."

ಒಮ್ಮೆ ಹಾಗೆಂದ ಮೇಲೆ ಮುಗಿಯಿತು. ಗುಡ್ಡದ ಯಾರಿಗೂ ಅದು ಮತ್ತೆ ಅಲೆಯಾಗಿ ಕಾಣಲಿಲ್ಲ. ಗಾರ್ಡನ್ನಿಗೆ 'ಬಸರಿ ಗಾರ್ಡನ್' ಎಂದು ಹೆಸರು ಬಿತ್ತು. ಗುಡಿಸುವ ಕೆಲಸ ಸಿಕ್ಕಿದ ಮೇಲೆ ಸೋಮವ್ವ ಬೆಳಿಗ್ಗೆ ಮೊದಲು ಅವಳ ಕಾಲ ಬುಡವನ್ನೇ ಒರೆಸುತ್ತಿದ್ದಳು. "ಕಾಲು ಬಾತಾವೇನವಾ?" ಎಂದು ಕೇಳುತ್ತಿದ್ದಳು.

ಅದೇ ಹೊತ್ತಿಗೆ ಅವಳ ಮಗಳು ಶಿವಕುಮಾರಿಯೂ ಬಸುರಿಯಾದಳು. ಎರಡನೆಯ ಸಲ. ಮೊದಲ ಬಸುರಿನಲ್ಲಿ ಏಳನೆಯ ತಿಂಗಳಿಗೆ ಕುಬಸ ಮಾಡಿದ್ದರು: ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಐದು ಮಂದಿ ಮುತ್ತೈದೆಯರು ಉಡಿ ತುಂಬಿ, ಇಡೀ ಗಲ್ಲಿಗೆ ಹೋಳಿಗೆ ಹಾಕಿ. ವಾರದೊಳಗೆ ಕೂಸು ಹೋಯಿತು. ಡಾಕ್ಟರು ರಕ್ತದ ಒತ್ತಡ ಎಂದರು. ಗಲ್ಲಿ ಕಣ್ಣುಬಿತ್ತು ಎಂದಿತು. ಸೋಮವ್ವ ಗಲ್ಲಿಯಲ್ಲಿ ಬದುಕುವವಳು.

"ಈ ಸಲ ನನಗ ಕುಬಸ ಬ್ಯಾಡ ಯವ್ವಾ. ಸೀರಿ ತಂದರ ನಾ ಓಡಿ ಹೋಗ್ತೀನಿ ನೋಡು," ಎಂದು ಶಿವಕುಮಾರಿ ಅತ್ತಳು.

ಸೋಮವ್ವ ಇಕ್ಕಟ್ಟಿಗೆ ಬಿದ್ದಳು. ಮಗಳಿಗೆ ಮಾಡುವಂತಿಲ್ಲ. ಬಸುರಿಗೆ ಕುಬಸ ಬಿಡುವಂತೆಯೂ ಇಲ್ಲ; ಬಯಕೆ ತೀರಿಸದೆ ಕೂಸನ್ನು ಭೂಮಿಗೆ ಕರೆಯುವುದುಂಟೆ? ಎರಡು ದಿನ ಕಸಬರಿಗೆ ಹಿಡಿದು ಯೋಚಿಸಿದಳು. ಮೂರನೆಯ ದಿನ ಅವಳ ಕಣ್ಣು ಮೇಲೆ ಹೋಯಿತು. ಎದುರಿಗೇ ನಿಂತಿದ್ದಳಲ್ಲ ಒಬ್ಬಳು! ಹೊಟ್ಟೆ ತುಂಬಿದೆ, ತವರಿಲ್ಲ, ಮೈಮೇಲೆ ಅರಿವೆಯೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಗುಡ್ಡದ ಹೆಂಗಸರು ಸೇರಿಕೊಂಡು ಉಕ್ಕಿನವಳಿಗೆ ಎರಡು ಹಸಿರು ಸೀರೆ ಜೋಡಿಸಿ ಉಡಿಸಿದರು. ಕೈ ದಪ್ಪವೆಂದು ಬಳೆಗಳನ್ನು ದಾರಕ್ಕೆ ಪೋಣಿಸಿ ಕಮಾನಿಗೆ ಕಟ್ಟಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿಯಿಂದ ಉಡಿ ತುಂಬಿದರು. "ಬಯಕಿ ಏನೈತವಾ ನಿನಗ?" ಎಂದು ಒಬ್ಬಳು ಹಾಡಿನ ನಡುವೆ ಕೇಳಿದರೆ, ಇಂದ್ರಾಬಾಯಿ ಶಿಲ್ಪದ ಹಿಂದೆ ಬಗ್ಗಿ, "ವಡಾಪಾವ್ ಬೇಕು! ಒಣ ಚಟ್ನಿ ಜಾಸ್ತಿ!" ಎಂದು ಕೂಗಿದಳು. ಎಲ್ಲರೂ ನಗುತ್ತಿರುವಾಗ ಸೋಮವ್ವ ಆ ತುಕ್ಕಿನ ಹೊಟ್ಟೆಗೆ ಹಣೆ ಹಚ್ಚಿ ಹೇಳಿದಳು: "ಇದು ನನ್ನ ಮಗಳ ಹೆಸರಿನ ಕುಬಸ. ಕಣ್ಣು ಬಿದ್ದರ ನಿನ್ನ ಮ್ಯಾಲ ಬೀಳ್ಲಿ. ನೀ ಉಕ್ಕಿನಾಕಿ, ತಡಕೋತಿ."

ಎದುರಿನ ಬಿಲ್ಡಿಂಗಿನಿಂದ ಯಾರೋ ಫೋಟೋ ತೆಗೆದು ದೂರು ಕೊಟ್ಟರು. ಮಧ್ಯಾಹ್ನದೊಳಗೆ ಸೂಪರ್‌ವೈಸರ್ ವಂದನಾ ಬಂದು ಸೀರೆ ಬಿಚ್ಚಿಸಿದಳು. ವಂದನಾ ಸೊಲ್ಲಾಪುರದ ಮರಾಠಿಯವಳು. ಅಲ್ಲಿಯವರಿಗೆ ಕನ್ನಡವೂ ಮನೆಯ ಮಾತೇ.

"ಮೌಶಿ, ತಲಿ ಕೆಟ್ಟದೇನ್? ಇದು ಆರ್ಟ್. ಇದಕ್ಕ ಸೀರಿ ಉಡಸ್ತಾರೇನ? ನಿನ್ನ ಕೆಲಸ ಹೋಗ್ತದ, ನಂದೂ ಹೋಗ್ತದ!"

ಕೆಲಸ ಹೋಗಲಿಲ್ಲ. ಟ್ರಸ್ಟಿನ ಕಲಾ ವಿಭಾಗದ ಹುಡುಗಿ ಶ್ರೇಯಾ ಫೋಟೋ ನೋಡಿ ಕುಣಿದಳು. ಅವಳದು ಮಂಗಳೂರು ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ. ಕೆಟ್ಟವಳಲ್ಲ. ಗಾರ್ಡನ್ನಿನ ಎರಡನೆಯ ವರ್ಷದ ದುಡ್ಡಿಗಾಗಿ ದೊಡ್ಡವರ ಬಾಗಿಲು ಕಾಯುತ್ತಿದ್ದವಳು ಅವಳೊಬ್ಬಳೇ. 'ಜನರ ಪಾಲ್ಗೊಳ್ಳುವಿಕೆ' ತೋರಿಸದಿದ್ದರೆ ದುಡ್ಡಿಲ್ಲ ಎಂದು ಟ್ರಸ್ಟಿನವರು ಹೇಳಿದ್ದರು. ಕರೆಯದೆ ಕಟ್ಟಿದ ಮದುವೆಮನೆಯಲ್ಲಿ ನೆಂಟರು ಎಲ್ಲಿ ಎಂದು ಹುಡುಕಿದ ಹಾಗೆ! ಶ್ರೇಯಾ ಓಡಿ ಬಂದು ಸೋಮವ್ವನ ಕೈ ಹಿಡಿದಳು.

"ಆಂಟಿ, ಅದು ಎಷ್ಟು... ಬ್ಯೂಟಿಫುಲ್ ಉಂಟು ಗೊತ್ತುಂಟಾ? ಸಂಡೇ ಟ್ರಸ್ಟಿನ ದೊಡ್ಡ ಸರ್ ಬರ್ತಾರೆ. ಅದೇ ಫಂಕ್ಷನ್ ಇನ್ನೊಮ್ಮೆ ಮಾಡ್ತೀರಾ? ಪ್ಲೀಸ್?"

ಸೋಮವ್ವ ಕೈ ಬಿಡಿಸಿಕೊಂಡಳು. "ಆಗೂದಿಲ್ಲರಿ," ಎಂದು ಕಸಬರಿಗೆ ಎತ್ತಿಕೊಂಡು ಹೋಗಿಬಿಟ್ಟಳು.

ಶನಿವಾರ ವಂದನಾ ಬಿಚ್ಚಿಟ್ಟಿದ್ದ ಸೀರೆಗಳನ್ನು ಇಸ್ತ್ರಿ ಮಾಡಿಸಿ ತಂದು ಸೋಮವ್ವನ ಮಡಿಲಿಗೆ ಹಾಕಿದಳು. "ಹಟ ಮಾಡಬ್ಯಾಡ ಮೌಶಿ. ಉಡಸು, ಹಾಡು, ಅವರು ಫೋಟೋ ತಗೀತಾರ, ಖತಂ. ಇಲ್ಲಾಂದ್ರ ಗಾರ್ಡನ್‌ಗೆ ರೊಕ್ಕ ಬರೂದಿಲ್ಲ. ರೊಕ್ಕ ಇಲ್ಲಾಂದ್ರ ಗುಡಸಾಕಿನೂ ಇಲ್ಲ."

"ವಂದನಾಬಾಯಿ, ನಿಮಗೂ ಮಕ್ಕಳದಾವ. ಒಂದ ಬಸರಿಗೆ ಎರಡ ಸಲ ಕುಬಸ ಮಾಡ್ತಾರೇನ್ರಿ?"

"ಅದು ಲೋಖಂಡ, ಮೌಶಿ. ಕಬ್ಬಿಣ."

"ನಾ ಉಡಿ ತುಂಬೋತನಕ ಕಬ್ಬಿಣ ಇತ್ತು. ಮಗಳ ಹೆಸರಿಲೆ ತುಂಬೀನಿ. ಇನ್ನೊಂದ ಸಲ ಕುಬಸ ಅಂದ್ರ ಮೊದಲಿಂದು ಹೋತು ಅಂತ ಅರ್ಥ. ನನ್ನ ಕೈಲೆ ನಾನ ಹಂಗನ್ನಲೇನು? ಶಿವಕುಮಾರಿ ಈಗ ಎಂಟರಾಗ ಬಿದ್ದಾಳ."

ವಂದನಾಳಿಗೆ ಮಾತು ತಾಗಿತು, ಆದರೆ ಅವಳ ಮೇಲೂ ಒಬ್ಬ ಕಂಟ್ರಾಕ್ಟರ್ ಇದ್ದ. "ನೀ ಮಾಡದಿದ್ರ ಬ್ಯಾರೆ ಹೆಂಗಸರ್ನ ತರತಾರ ಮೌಶಿ. ಶ್ರೇಯಾ ಮ್ಯಾಡಮ್ ಒಂದು ಗ್ರೂಪಿಗೆ ಹೇಳ್ಯಾಳ. ಗೋರೆಗಾಂವ್‌ದಾಗ ಸೀರಿಯಲ್‌ನ್ಯಾಗ ಕುಣಿಯೋರು."

ಬೇಡವೆಂದರೆ ಕೆಲಸ ಹೋಗುವುದು ಒಂದು ಕಡೆ. ಬೇಡವೆಂದರೂ ಕುಬಸ ನಡೆದೇ ನಡೆಯುತ್ತದೆ, ಅದೂ ಪರರ ಕೈಯಿಂದ, ತುಟಿಗೆ ಬಣ್ಣ ಹಚ್ಚಿಕೊಂಡು. ಅಪಶಕುನಕ್ಕೂ ಬಾಡಿಗೆಗೆ ಜನ ಸಿಗುತ್ತಾರೆ ಈ ಊರಿನಲ್ಲಿ. ಸೋಮವ್ವ ಊಟ ಮಾಡದೆ ಕುಳಿತಳು.

"ಇಡೀ ಮುಂಬೈದ ಬಾಣಂತನ ಹಿಡದಾಕಿ ನೋಡು," ಎಂದು ಡ್ಯೂಟಿಗೆ ಹೊರಟಿದ್ದ ಗುರಲಿಂಗಪ್ಪ ಗೊಣಗಿದ. "ಆ ಉಕ್ಕಿನಾಕಿ ಹಡದ ಬಿಟ್ಟಿದ್ದರ ಈ ತಕರಾರಽ ಇರತಿರಲಿಲ್ಲ."

ಸೋಮವ್ವ ತಲೆಯೆತ್ತಿ ಗಂಡನನ್ನು ನೋಡಿದಳು. ಆಮೇಲೆ ಒಲೆಯ ಪಕ್ಕದ ಒರಳನ್ನು, ಅದರಲ್ಲಿ ಒರಗಿದ್ದ ಗುಂಡಕಲ್ಲನ್ನು ನೋಡಿದಳು.

ಭಾನುವಾರ ಕಾರುಗಳು ಬಂದು ನಿಂತವು. ದೊಡ್ಡ ಸರ್ ಇಳಿದರು. ತಲೆ ನರೆತ, ಮೆತ್ತಗೆ ಮಾತಾಡುವ ಮನುಷ್ಯ. ಗೋರೆಗಾಂವಿನ ಹೆಂಗಸರು ಸೆರಗು ಸರಿಮಾಡಿಕೊಂಡು ಸಾಲಾಗಿ ನಿಂತರು. ಮುಂದೆ ಓಡಿದ ಶ್ರೇಯಾ ಗಕ್ಕನೆ ನಿಂತುಬಿಟ್ಟಳು.

ಉಕ್ಕಿನವಳ ಕಮಾನಿನಿಂದ ಲೈಟ್ ಕಂಬದವರೆಗೆ ಹಸಿರು ಸೀರೆಯ ಜೋಲಿ ತೂಗುತ್ತಿತ್ತು. ಪಕ್ಕದಲ್ಲಿ ನೆಲದ ಮೇಲೆ ಸೋಮವ್ವ ಕುಳಿತು ಹಗ್ಗ ಎಳೆಯುತ್ತಿದ್ದಳು. ಹಿಂದೆ ಇಂದ್ರಾಬಾಯಿ ಮತ್ತು ಗುಡ್ಡದ ಹೆಂಗಸರು.

"ಇದೇನು ಆಂಟಿ? ಸೀರೆ... ಉಡಿಸ್ಬೇಕಿತ್ತಲ್ಲ?" ಶ್ರೇಯಾಳ ದನಿ ಅಳುವ ಹಾಗಿತ್ತು.

ವಂದನಾ ಮುಂದೆ ಬಂದು ಜೋಲಿಯೊಳಗೆ ಬಗ್ಗಿ ನೋಡಿದಳು. ಒಳಗೆ ಎಣ್ಣೆ ಅರಿಶಿನ ಹಚ್ಚಿ, ಕುಂಚಿಗೆ ಕಟ್ಟಿ, ಕಾಡಿಗೆಯ ಬೊಟ್ಟು ಇಟ್ಟ ಗುಂಡಕಲ್ಲು. ತೊಟ್ಟಿಲ ದಿನ ಕೂಸಿಗಿಂತ ಮೊದಲು ತೊಟ್ಟಿಲೇರುವ ಕಲ್ಲು. ಮರಾಠಿ ಮನೆಗಳಲ್ಲೂ ಅದು ಹಾಗೆಯೇ ಏರುತ್ತದೆ. ವಂದನಾಳ ಮಕ್ಕಳ ನಾಮಕರಣದ ಬಾರಸೆಯಲ್ಲೂ ಏರಿತ್ತು. ಅವಳು ಒಂದು ಗಳಿಗೆ ಸೋಮವ್ವನನ್ನು ನೋಡಿದಳು. ಕಂಟ್ರಾಕ್ಟರನ ಕಡೆ ನೋಡಲಿಲ್ಲ. ದೊಡ್ಡ ಸರ್ ಕಡೆ ತಿರುಗಿ ಕೈಮುಗಿದಳು.

"ಡೆಲಿವರಿ ಹೋ ಗಯೀ, ಸರ್. ಅಬ್ ಗೋದ್ ಭರಾಯಿ ನಹೀ ಹೋತೀ." ಹೆರಿಗೆ ಆಗಿಹೋಯಿತು, ಇನ್ನು ಕುಬಸವಿಲ್ಲ.

ಮುದುಕ ಶಿಲ್ಪವನ್ನು ನೋಡಿದರು, ಜೋಲಿಯನ್ನು ನೋಡಿದರು. "ಲಡಕಾ ಯಾ ಲಡಕೀ?" ಎಂದು ಕೇಳಿದರು.

"ಎರಡೂ ಅಲ್ಲರೀ, ಗುಂಡಪ್ಪ!" ಎಂದು ಇಂದ್ರಾಬಾಯಿ ಹಿಂದಿನಿಂದ ಕೂಗಿದಳು. ಬಾಡಿಗೆಯ ಹೆಂಗಸರೂ ಕಿಸಕ್ಕೆಂದರು. ಮೊಬೈಲುಗಳು ಮೇಲೆದ್ದವು. ಸೋಮವ್ವ ಚಟ್ಟನೆ ಸೆರಗು ಎಳೆದು ಜೋಲಿಗೆ ಮುಚ್ಚಿದಳು. "ಹಸಿಗೂಸಿನ ಮಾರಿ ಫೋಟೋ ತಗೀಬ್ಯಾಡ್ರಿ."

ಶ್ರೇಯಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಮುದುಕರೇ ಮೊದಲು ತಮ್ಮ ಮೊಬೈಲು ಇಳಿಸಿದರು. ಉಳಿದವರು ಅವರನ್ನು ನೋಡಿ ಇಳಿಸಿದರು. ಬರಿಗೈಯಲ್ಲಿ ಕೂಸು ನೋಡಬಾರದೆಂದು ವಂದನಾ ಕಿವಿಯಲ್ಲಿ ಹೇಳಿದಾಗ ಅವರು ಪಾಕೀಟು ತಡವಿ ಒಂದು ನೋಟು ಜೋಲಿಯಲ್ಲಿ ಹಾಕಿದರು. ಆ ಟ್ರಸ್ಟಿನ ಕಡೆಯಿಂದ ಕಮಿಟಿ, ಕನ್ಸಲ್ಟಂಟ್, ಕಂಟ್ರಾಕ್ಟರ್ ಯಾರನ್ನೂ ದಾಟದೆ ಗುಡ್ಡದವರ ಕೈಗೆ ನೇರವಾಗಿ ಬಂದ ದುಡ್ಡು ಅದೊಂದೇ. ಹೆಂಗಸರು ಅದಕ್ಕೆ ಬೆಲ್ಲ ತಂದು ಹಂಚಿದರು.

ಎರಡನೆಯ ವರ್ಷದ ಹಣ ಬಂತು. ಸೋಮವ್ವನ ಕೆಲಸ ಉಳಿಯಿತು. ಶಿಲ್ಪಕ್ಕೆ ಇನ್ನಷ್ಟು ದೀಪಗಳು ಬಂದವು. ಶೌಚಾಲಯ ಬರಲಿಲ್ಲ, ಬಸುರಿಯರು ಈಗಲೂ ಕತ್ತಲಾಗುವುದನ್ನೇ ಕಾಯುತ್ತಾರೆ. ಹೊಸ ಪುಸ್ತಿಕೆಯಲ್ಲಿ ಸಮುದಾಯ ಮತ್ತು ಕಲೆಯ ಬಗ್ಗೆ ಎರಡು ಪುಟ ಇದೆ, ಸೋಮವ್ವನ ಹೆಸರಿಲ್ಲ. ಗಾರ್ಡನ್ನಿನಲ್ಲಿ ಒಂದು ಬೋರ್ಡು ಕೂಡ ಎದ್ದಿದೆ: ಕಲಾಕೃತಿಯನ್ನು ಮುಟ್ಟಬಾರದು. ಅದನ್ನೂ ದಿನಾ ಒರೆಸುವವಳು ಸೋಮವ್ವನೇ.

ಶಿವಕುಮಾರಿ ಮುನಸಿಪಾಲಿಟಿ ಆಸ್ಪತ್ರೆಯಲ್ಲಿ ಹೆತ್ತಳು. ಹೆಣ್ಣು. ಗಟ್ಟಿ ಗಂಟಲು. ತೊಟ್ಟಿಲ ದಿನ ಅದೇ ಗುಂಡಕಲ್ಲು ಮೊದಲು ಏರಿ ಇಳಿಯಿತು. ಬಾಣಂತಿ ಹೊಸಿಲು ದಾಟಬಹುದಾದ ದಿನ ಬಂದಾಗ ಅಜ್ಜಿ ಮೊಮ್ಮಗಳನ್ನೆತ್ತಿಕೊಂಡು, ಮಗಳ ಕೈಹಿಡಿದು ಸೀದಾ ಗಾರ್ಡನ್ನಿಗೆ ಬಂದಳು. ಅಲ್ಲೇ ರೌಂಡಿಗೆ ಬಂದಿದ್ದ ವಂದನಾ ಅವರನ್ನು ನೋಡಿ, ಬೋರ್ಡಿಗೆ ಬೆನ್ನು ತಿರುಗಿಸಿ, ಮೊಬೈಲಿನಲ್ಲಿ ಏನೋ ಹುಡುಕತೊಡಗಿದಳು.

ಸೋಮವ್ವ ಕೂಸಿನ ಅಂಗಾಲನ್ನು ಬಿಸಿಲಿಗೆ ಕಾದ ಆ ಉಕ್ಕಿನ ಹೊಟ್ಟೆಗೆ ಮೆಲ್ಲಗೆ ತಾಗಿಸಿದಳು. ಕೂಸು ಚೀರಿತು. ಶಿವಕುಮಾರಿ ನಕ್ಕಳು.

"ತಡಕೊಂಡಿ ನೋಡವಾ," ಎಂದಳು ಸೋಮವ್ವ ಮೇಲೆ ನೋಡಿ. "ನಿಂದೂ ಬಾಣಂತನ ಮುಗೀತು. ಇನ್ನ ನೀ ಬೇಕಾದ್ರ ಕೆರಿ ಅಲಿ ಆಗು."