ಬೆಲ್ಲ ಹೇಳಿದರೆ ಬಳ್ಳೊಳ್ಳಿ ತಂದವಳು

ಹೋದ ಹಬ್ಬದ ದಿನ ಮಗಳ ಬೆನ್ನಿಗೆ ಒಂದು ಏಟು ಹಾಕಿದೆ. ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ.

ಹೋಳಿಗೆಗೆ ಬೇಳೆ ಬೆಂದಿತ್ತು, ಬೆಲ್ಲ ಸಾಲಲಿಲ್ಲ. ಒಂದು ಕಡೆ ಮಿಕ್ಸಿ, ಇನ್ನೊಂದು ಕಡೆ ಟೀವಿ. (ನಮ್ಮ ಮನೆ ಶಹಾಪುರದ ಬಸ್ ರಸ್ತೆಗೇ ಇದೆ. ಹಾರ್ನ್ ಸುದ್ದಿ ಬೇಡ.) ಒಲೆ ಮುಂದಿನಿಂದಲೇ ಕೂಗಿದೆ, ‘ಭಾಗ್ಯಾ, ಅರ್ಧ ಕೆಜಿ ಬೆಲ್ಲ ತಗೊಂಡ್ ಬಾ!’

ನಾಲ್ಕನೇ ಕ್ಲಾಸಿನ ನನ್ನ ಮಗಳು ಓಡಿ ಹೋಗಿ ತಂದದ್ದು ಅರ್ಧ ಕೆಜಿ ಬಳ್ಳೊಳ್ಳಿ. ಬೆಳ್ಳುಳ್ಳಿ ಹಾಕಿ ಹೋಳಿಗೆ ಮಾಡುವವರುಂಟೇ? ಸಿಟ್ಟು ನೆತ್ತಿಗೇರಿತು.

‘ನನಗ ಹಂಗೇ ಕೇಳಿಸ್ತವ್ವಾ’ ಎಂದಳು. ನೆಪ ಅಂದುಕೊಂಡೆ.

ಎರಡು ದಿನ ಬಿಟ್ಟು ಅವಳ ಶಕುಂತಲಾ ಟೀಚರ್ ಸ್ಕೂಲಿಗೆ ಕರೆಸಿದರು. ಡಿಕ್ಟೇಶನ್ ನೋಟ್‌ಬುಕ್ ಮುಂದಿಟ್ಟರು. ಗಾಳಿ ಎಂದರೆ ದಾಳಿ, ಮರ ಎಂದರೆ ಬರ. ನಾನು ತಲೆ ತಗ್ಗಿಸಿದೆ.

‘ಬೈಯಾಕ ಕರೆದಿಲ್ರಿ, ಇಲ್ಲಿ ನೋಡ್ರಿ’ ಎಂದ ಟೀಚರ್, ಖಾಲಿ ಕೋಣೆಯಲ್ಲಿ ಭಾಗ್ಯಳ ಹಿಂದೆ ನಿಂತು ಹತ್ತು ಶಬ್ದ ಹೇಳಿದರು. ಹತ್ತೂ ಸರಿ. ಆಮೇಲೆ ಮಕ್ಕಳನ್ನು ಒಳಗೆ ಕರೆದು, ಗದ್ದಲ ಮಾಡಲು ಬಿಟ್ಟು, ಬೇರೆ ಹತ್ತು ಹೇಳಿದರು. ನಾಲ್ಕೇ ಸರಿ.

‘ದಡ್ಡ ಹುಡುಗಿ ಅಲ್ರಿ ಇಕಿ. ಒಮ್ಮೆ ಕಲಬುರಗಿಗಿ ಕರ್ಕೊಂಡ್ ಹೋಗಿ ತೋರಸ್ರಿ.’

ಹೋದೆವು. ಕಿವಿ ಪರೀಕ್ಷಿಸಿದ ಡಾಕ್ಟರಮ್ಮ ಕಿವಿ ಚೆನ್ನಾಗಿಯೇ ಇದೆ ಎಂದರು. ಶಬ್ದ ಹಿಡಿಯುವುದು ಕಿವಿ, ಅದನ್ನು ಮಾತಾಗಿ ಬಿಡಿಸುವುದು ಮೆದುಳು. ಗದ್ದಲದಲ್ಲಿ ಒಂದೇ ದನಿಯನ್ನು ಹೆಕ್ಕಿ ತೆಗೆಯುವ ಈ ಶಕ್ತಿ ಮಕ್ಕಳಲ್ಲಿ ನಿಧಾನಕ್ಕೆ ಬಲಿಯುತ್ತದಂತೆ, ಹದಿಹರೆಯದವರೆಗೂ. ಭಾಗ್ಯಳಂಥ ಕೆಲವರಿಗೆ ಇನ್ನೂ ತಡ, ಅಂಥವರಿಗೆ ಒತ್ತಾಸೆ ಬೇಕು. ನನಗಿದು ಗೊತ್ತೇ ಇರಲಿಲ್ಲ. ನಿಮಗೆ ಗೊತ್ತಿತ್ತಾ?

ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಕಡೆ ತಿರುಗಿ, ಕ್ಲಾಸಿನಲ್ಲಿ ಏನು ಮಾಡುತ್ತೀ ಎಂದೆ. ನನ್ನ ಬಾಯನ್ನೇ ನೋಡುತ್ತಿದ್ದಳು.

‘ಎಲ್ಲಾರ ಮಾತೂ ಕಲಸಿ ಬರ್ತಾವವ್ವಾ. ಅರ್ಧ ಕೇಳ್ತೀನಿ, ಅರ್ಧ ಅಂದಾಜ್ ಮಾಡ್ತೀನಿ.’

ಒಂಬತ್ತು ವರ್ಷದ ಕೂಸು ದಿನವಿಡೀ ಅಂದಾಜಿನಲ್ಲೇ ಪಾಠ ಕಲಿಯುತ್ತಿತ್ತು! ನಾನು ಬೆನ್ನಿಗೆ ಹಾಕಿದ ಏಟು ನೆನಪಾಯಿತು. ‘ತಪ್ಪಾತವ್ವಾ’ ಎಂದೆ. ಈ ಮಾತು ಮಾತ್ರ ಬಸ್ಸಿನ ಸದ್ದಿನಲ್ಲೂ ಅವಳಿಗೆ ಸರಿಯಾಗಿ ಕೇಳಿಸಿತು, ನಕ್ಕಳು.

ಈಗ ಅವಳು ಕಿಟಕಿಯಿಂದ ದೂರ, ಮೊದಲ ಬೆಂಚಿನಲ್ಲಿ ಕೂರುತ್ತಾಳೆ. ಟೀಚರ್ ಮುಖ್ಯ ಶಬ್ದಗಳನ್ನು ಬೋರ್ಡ್ ಮೇಲೆ ಬರೆಯುತ್ತಾರೆ. ಮನೆಯಲ್ಲಿ ಮಿಕ್ಸಿ ನಿಲ್ಲಿಸಿ, ಮುಖ ನೋಡಿ ಮಾತಾಡುತ್ತೇನೆ. ಎಲ್ಲ ಸರಿಹೋಗಿಲ್ಲ. ಆದರೆ ಹೋದ ವಾರ ಮೊದಲ ಸಲ ತಾನಾಗಿಯೇ ಕೈ ಎತ್ತಿ ಉತ್ತರ ಹೇಳಿದಳಂತೆ.

ಥ್ಯಾಂಕ್ಸ್ ಹೇಳಲು ಟೀಚರ್ ಹತ್ತಿರ ಹೋದೆ. ನಲವತ್ತು ಮಕ್ಕಳಲ್ಲಿ ಇವಳೊಬ್ಬಳದು ಹೇಗೆ ಗೊತ್ತಾಯಿತು ಎಂದೆ.

‘ನಮ್ಮಣ್ಣನೂ ಹಿಂಗೇ ಇದ್ದನ್ರಿ’ ಎಂದರು. ‘ಸುರಪುರದಾಗ ಕಲೀತಿದ್ದ. ಕೆಪ್ಪ, ದಡ್ಡ ಅಂತಂದು ಐದನೇ ಕ್ಲಾಸಿಗೇ ಸಾಲಿ ಬಿಡಿಸಿಬಿಟ್ರು. ಅವನ್ನ ಯಾರೂ ಕೂಡಿಸ್ಕೊಂಡು ಕೇಳಲಿಲ್ರಿ.’

ಅವರ ಎರಡೂ ಕೈ ಹಿಡಿದುಕೊಂಡೆ.

ಮಕ್ಕಳು ನಮ್ಮ ಮಾತು ಕೇಳುವುದಿಲ್ಲ ಎಂದು ದೂರುವ ನಾವು, ಅವರಿಗೆ ಹೇಗೆ ಕೇಳಿಸುತ್ತದೆ ಎಂದು ಎಂದಾದರೂ ಕೇಳಿದ್ದೇವಾ?