ಹಾಜರಿ ಪುಸ್ತಕದಲ್ಲಿ ನಮ್ಮಕ್ಕ

ಶಿರಾ ಹತ್ತಿರ ಹೆದ್ದಾರಿ ಪಕ್ಕದ ಗಾರ್ಮೆಂಟ್ಸ್‌ನಲ್ಲಿ ನಾನು ಹಾಜರಿ ಬರೆಯುತ್ತಿದ್ದೆ. ಹಿಂದುಳಿದ ತಾಲ್ಲೂಕು, ಇಲ್ಲಿನ ಜನಕ್ಕೆ ಕೆಲಸ ಕೊಟ್ಟರೆ ಕಂಪನಿಗೆ ಕೆಲವು ವರ್ಷ ತೆರಿಗೆ ಮಾಫಿ. ಉದ್ಘಾಟನೆಯ ಭಾಷಣ ಕೇಳಿ ನಾನೂ ಚಪ್ಪಾಳೆ ತಟ್ಟಿದವನೇ. ಆ ಕೈಗಳ ಮೇಲೆ ನನಗೆ ಈಗಲೂ ಸಿಟ್ಟಿದೆ.

ಕೆಲಸ ಸಿಕ್ಕಿದ್ದು ಬೆರಳೆಣಿಕೆಯಷ್ಟು ಹೆಂಗಸರಿಗೆ. ಉಳಿದ ಹೊಲಿಗೆ ಮಷಿನ್‌ಗಳ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರಲಿಲ್ಲ. ತಪಾಸಣೆಗೆ ಅಧಿಕಾರಿ ಬರುವ ಸುದ್ದಿ ಬಂದಾಗ ಮ್ಯಾನೇಜರ್ ನನ್ನನ್ನು ಕರೆದು, "ನಿಮ್ಮ ಕಡೆ ಹೆಂಗಸರನ್ನ ಕರ್ಕೊಂಡು ಬನ್ನಿ. ಆಧಾರ್ ತರಲಿ. ಆಮೇಲೆ ಕಾಯಂ ಮಾಡೋಣ" ಎಂದ. ನಾನು ಮೊದಲು ಹೇಳಿದ್ದು ಹುಲಿಕುಂಟೆ ಕಡೆ ಇದ್ದ ನನ್ನ ಸ್ವಂತ ಅಕ್ಕನಿಗೆ. ಭಾವನಿಗೆ ಲಕ್ವ ಹೊಡೆದ ಮೇಲೆ ಅವಳು ಕಡಲೆಕಾಯಿ ಮಿಲ್ಲಿನಲ್ಲಿ ಬೀಜ ಆರಿಸಿ ಮನೆ ನಡೆಸುತ್ತಿದ್ದಳು. ನನ್ನ ಮಾತು ನಂಬಿ ಅದನ್ನು ಬಿಟ್ಟು ಬಂದಳು.

ತಪಾಸಣೆಯ ದಿನ ಎಲ್ಲರಿಗೂ ನೀಲಿ ಕೋಟು, ಕೊರಳಿಗೆ ಕಾರ್ಡು ಕೊಟ್ಟೆವು. ಎಷ್ಟೋ ತಿಂಗಳಿಂದ ಇಲ್ಲೇ ಇರುವವರ ಹಾಗೆ ಕೂತಿರಿ ಎಂದು ಹೇಳಿಯೂ ಆಯಿತು. ಆದರೆ ಹೊಸ ಕೆಲಸಕ್ಕೆ ಕೈಮುಗಿಯದೆ ಕೂರುತ್ತಾರೆಯೇ ನಮ್ಮ ಹೆಂಗಸರು? ಅಧಿಕಾರಿ ಒಳಗೆ ಕಾಲಿಡುವ ಹೊತ್ತಿಗೆ ಚಪ್ಪಲಿಗಳೆಲ್ಲ ಬಾಗಿಲಾಚೆ, ಮಷಿನ್‌ಗಳಿಗೆಲ್ಲ ಅರಿಶಿನ ಕುಂಕುಮ. ಅಕ್ಕ ತನ್ನ ಮಷಿನ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

"ದಿನಾ ಪೂಜೆ ಮಾಡ್ತೀರೇನಮ್ಮಾ?" ಎಂದರು ಅಧಿಕಾರಿ.

"ಇಲ್ಲ ಸ್ವಾಮಿ, ಇವತ್ತೇ ಸೇರ್ಕಂಡಿರೋದು. ಒಳ್ಳೇದಾಗ್ಲಿ ಅಂತ."

ಅವಳು ಆರು ತಿಂಗಳಿಂದ ಒಂದು ದಿನವೂ ತಪ್ಪಿಸಿಲ್ಲವೆಂದು ನಾನೇ ಬರೆದಿಟ್ಟಿದ್ದ ಪುಸ್ತಕ ಅವರ ಕೈಯಲ್ಲೇ ಇತ್ತು. ಅವರು ಮ್ಯಾನೇಜರ್ ಮುಖ ನೋಡಿ ನಕ್ಕರು, ಎಳನೀರು ಕುಡಿದರು, ಸಹಿ ಹಾಕಿದರು. ಪುಣ್ಯಾತ್ಮರು! ಸಿಕ್ಕಿಬಿದ್ದಿದ್ದರೆ ಅಂದೇ ಎಲ್ಲ ಮುಗಿದುಹೋಗುತ್ತಿತ್ತು. ಆದರೆ ಆಗ ನಾನು ನಿಟ್ಟುಸಿರು ಬಿಟ್ಟೆ. ನನ್ನ ನೌಕರಿ ಉಳಿದಿತ್ತಲ್ಲ.

ಮರುದಿನ ಬುತ್ತಿ ಕಟ್ಟಿಕೊಂಡು ಬಂದ ಅಕ್ಕನನ್ನು ಗೇಟಿನಲ್ಲೇ ತಡೆದು, ಹೇಳಿ ಕಳಿಸುತ್ತೇವೆ ಎಂದರು. ಹೇಳಿ ಕಳಿಸಿದ್ದು ಮುಂದಿನ ತಪಾಸಣೆಗೆ. ಅಷ್ಟರಲ್ಲಿ ಮಿಲ್ಲಿನಲ್ಲಿ ಅವಳ ಜಾಗಕ್ಕೆ ಬೇರೆಯವಳು ಬಂದು ಕೂತಿದ್ದಳು.

ಮಾಫಿಯ ವರ್ಷಗಳು ಮುಗಿದವು. ಕಂಪನಿ ಮಷಿನ್‌ಗಳನ್ನು ಲಾರಿಗೆ ಹೇರಿಕೊಂಡು ಪಾವಗಡ ದಾಟಿ ಆಂಧ್ರಕ್ಕೆ ಹೋಯಿತು. ಅಲ್ಲಿ ಹೊಸ ಮಾಫಿಯಂತೆ. ನನ್ನನ್ನೂ ಬಿಟ್ಟೇ ಹೋಯಿತು, ಅದು ಸರಿಯೇ.

ಹೋದ ವರ್ಷ ಅಕ್ಕನ ಬಿಪಿಎಲ್ ಕಾರ್ಡು ರದ್ದಾಯಿತು. ಅಕ್ಕಿ ನಿಂತಿತು, ಭಾವನ ಆಸ್ಪತ್ರೆಯೂ ನಿಂತಿತು. ಅಂದು ಕೊಟ್ಟ ಆಧಾರ್‌ನಿಂದಾಗಿ ಸರ್ಕಾರದ ಕಂಪ್ಯೂಟರಿನಲ್ಲಿ ಅವಳು ಇನ್ನೂ ಕಂಪನಿಯ ಕಾಯಂ ನೌಕರಳು. ತಾಲ್ಲೂಕು ಆಫೀಸಿನಿಂದ ನೇರ ನಮ್ಮ ಮನೆಗೆ ಬಂದಳು.

"ನೀನೇ ಬರ್ದಿದ್ದಲ್ವೇನ್ಲಾ? ನೀನೇ ಅಳಿಸ್ಬುಡು."

ನನ್ನ ಕೈಯಲ್ಲಿ ಆಗುವುದಿಲ್ಲ ಎಂದೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಂಗಾರೆ ಆ ಕೆಲ್ಸ ಎಲ್ಲೈತೆ ಅಂತ್ಲಾದ್ರೂ ಹೇಳ್ಲಾ," ಎಂದಳು. "ನಾಳಿಂದ ಹೋಯ್ತೀನಿ."